ರೀಜೆಂಟ್ ಹನಿಈಟರ್: ಹಾಡು ಮರೆಯುತ್ತಿರುವ ಹಕ್ಕಿ

ಆಗ್ನೇಯ ಆಸ್ಟ್ರೇಲಿಯಾದ ನೀಲಗಿರಿ ಜಾತಿಯ ಮರಗಳ ಕಾಡಲ್ಲಿ ಅಲೆಯುತ್ತಾ ಮಕರಂದ ಹೀರುವ ಕಪ್ಪು-ಹಳದಿ ಹಕ್ಕಿ ಇದು. 1794ರಲ್ಲಿ ಜಾರ್ಜ್ ಶಾ ಇದನ್ನು ಕಳ್ಳಿಪೀರಗಳ ಕುಲಕ್ಕೆ ಸೇರಿಸಿದ್ದ. ಈಗಿನ ಹೆಸರು ಆಂಥೋಕೇರಾ ಫ್ರೈಜಿಯಾ, ಕುಟುಂಬ ಮೆಲಿಫ್ಯಾಗಿಡೇ, ಹತ್ತಿರದ ಬಳಗ ವ್ಯಾಟಲ್‌ಬರ್ಡ್‌ಗಳು.

ಹೆಚ್ಚು ಮಕರಂದ ಕೊಡುವ ಮರಗಳು ಬೆಳೆಯೋದು ಫಲವತ್ತಾದ ಮಣ್ಣಲ್ಲಿ. ಬೇಸಾಯಕ್ಕೆಂದು ಕಾಡು ಕಡಿದಿದ್ದೂ ಅಲ್ಲೇ. ಈಗ ಉಳಿದಿರೋದು ಕೆಲವೇ ನೂರು ಹಕ್ಕಿ.

ಎಳೆಯ ಗಂಡುಗಳು ಹಾಡು ಕಲಿಯೋದು ಹಿರಿಯ ಗಂಡುಗಳಿಂದ. ಹಿರಿಯರೇ ಸಿಗದೆ ಸುಮಾರು 12% ಗಂಡುಗಳು ಬೇರೆ ಜಾತಿಯ ಹಾಡು ಹಾಡ್ತಿವೆ ಅಂತ 2021ರ ಅಧ್ಯಯನ ಹೇಳುತ್ತೆ. ಅಂಥವಕ್ಕೆ ಜೋಡಿ ಸಿಗೋದು ಕಷ್ಟ.

ಸಿಡ್ನಿಯ ಟರೋಂಗಾ ಮೃಗಾಲಯ 1995ರಿಂದ ಮರಿ ಮಾಡಿಸ್ತಿದೆ, ಈಗ ಹಾಡನ್ನೂ ಕಲಿಸ್ತಿದೆ. ಒಳ್ಳೇದೇ. ಆದರೆ ನಾನು ಕೇಳೋದಿಷ್ಟೇ: ಮರಗಳೇ ಇಲ್ಲದಿದ್ದರೆ ಆ ಮರಿಗಳನ್ನ ಬಿಡೋದಾದ್ರೂ ಎಲ್ಲಿಗೆ?