ಬೀಳದೆ ನಿಂತ ಗುಮ್ಮಟ

ರೋಮಿನ ಪ್ಯಾಂಥಿಯನ್ ಕ್ರಿ.ಶ. 126ರ ಸುಮಾರಿಗೆ ಚಕ್ರವರ್ತಿ ಹೇಡ್ರಿಯನನ ಕಾಲದಲ್ಲಿ ಪೂರ್ಣಗೊಂಡಿತು. ಗುಮ್ಮಟದ ಅಗಲ 43 ಮೀಟರಿಗೂ ಹೆಚ್ಚು. ಒಳಗೆ ಕಬ್ಬಿಣದ ಸರಳುಗಳಿಲ್ಲ. ಕೆಳಗಿನ ಗಾರೆಗೆ ಭಾರವಾದ ಕಲ್ಲುಚೂರು, ಮೇಲೇರಿದಂತೆಲ್ಲ ಹಗುರವಾದ ಜ್ವಾಲಾಮುಖಿ ಕಲ್ಲು ಬೆರೆಸಿದ್ದಾರೆ. ನೆತ್ತಿಯಲ್ಲಿ ತೆರೆದ ಕಂಡಿ. ಮಳೆ ಬಂದರೆ ನೀರು ನೇರ ನೆಲಕ್ಕೇ!

609ರಲ್ಲಿ ನಾಲ್ಕನೆಯ ಬೋನಿಫೇಸ್ ಜಗದ್ಗುರುಗಳು ಇದನ್ನು ಚಕ್ರವರ್ತಿ ಫೋಕಸನಿಂದ ಪಡೆದು, ಮಾತೆ ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ದೇವಾಲಯವಾದ್ದರಿಂದಲೇ ಕಟ್ಟಡ ಉಳಿಯಿತೆಂದು ನಾವು ಹೆಮ್ಮೆಪಡುತ್ತೇವೆ. ಅದು ಬಹುಮಟ್ಟಿಗೆ ನಿಜ. ಆದರೆ 1625ರ ಸುಮಾರಿಗೆ ಇದರ ಮುಖಮಂಟಪದ ಕಂಚಿನ ತೊಲೆಗಳನ್ನು ಕೀಳಿಸಿ, ಹೆಚ್ಚಿನ ಪಾಲನ್ನು ಫಿರಂಗಿ ಎರಕಕ್ಕೆ ಕೊಟ್ಟವರು ಎಂಟನೆಯ ಅರ್ಬನ್ ಜಗದ್ಗುರುಗಳೇ. ಕೊಲೊಸಿಯಮ್ಮಿನ ಕಲ್ಲುಗಳನ್ನು ಕೊಂಡೊಯ್ದವರಲ್ಲೂ ನಮ್ಮವರಿದ್ದರು. ಇದನ್ನು ನಾವು ಮುಚ್ಚಿಡಬಾರದು. ಪ್ಯಾಂಥಿಯನ್ನಿನಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತದೆ. ಮುಖಮಂಟಪದ ಮಾಡನ್ನು ಹೊತ್ತಿರುವುದು ಮಾತ್ರ ಮರದ ತೊಲೆಗಳು.