ಪಾಷಾಣವನ್ನು ತೂಗಿದ ಕಥೆ

ಶಂಖಪಾಷಾಣವೆಂದರೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಇಲಿಯ ಮದ್ದು, ಇಲ್ಲವೆ ದಾಯಾದಿ ಮತ್ಸರ. ಬಣ್ಣ ಬಿಳಿ, ವಾಸನೆಯಿಲ್ಲ. ಅನ್ನದಲ್ಲಿ ಬೆರೆತರೆ ಪತ್ತೆಯಿಲ್ಲ. ಇಂಗ್ಲೆಂಡಿನಲ್ಲಿಯೂ ಇದೇ ಪಾಡು. 1830ರ ದಶಕದ ಆದಿಯಲ್ಲಿ, ಅಜ್ಜನ ಕಾಫಿಗೆ ಪಾಷಾಣ ಬೆರೆಸಿದನೆಂದು ಅಲ್ಲಿ ಒಬ್ಬ ತರುಣನ ವಿಚಾರಣೆ ನಡೆಯಿತು. ರಸಾಯನಜ್ಞ ಜೇಮ್ಸ್ ಮಾರ್ಷ್ ವಿಷವನ್ನು ಹಳದಿ ಗಸಿಯಾಗಿ ಬೇರ್ಪಡಿಸಿದ್ದನು. ನ್ಯಾಯಾಲಯಕ್ಕೆ ತರುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ತರುಣ ಬಿಡುಗಡೆಯಾದನು. ಆ ಅವಮಾನವೇ ಮಾರ್ಷನನ್ನು ಕೆಲಸಕ್ಕೆ ಹಚ್ಚಿತು. 1836ರಲ್ಲಿ ಅವನು ಪ್ರಕಟಿಸಿದ ಪರೀಕ್ಷೆಯಲ್ಲಿ, ಸತು ಮತ್ತು ಆಮ್ಲದ ಸಂಗದಿಂದ ಪಾಷಾಣವು ಅನಿಲವಾಗಿ ಹೊರಟು, ಉರಿದು, ತಣ್ಣನೆಯ ಪಿಂಗಾಣಿಯ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆಯನ್ನು ಬಿಡುತ್ತಿತ್ತು.

ಪರಮಾಣುಗಳನ್ನೇ ತೂಗುವ ವಿದ್ಯೆ ಬೇರೆ ಹಾದಿಯಿಂದ ಬಂದಿತು. 1919ರಲ್ಲಿ ಆಸ್ಟನ್ ಕೇಂಬ್ರಿಜ್ಜಿನಲ್ಲಿ ರಚಿಸಿದ ಯಂತ್ರ, ವಿದ್ಯುದಂಶ ಹೊತ್ತ ಪರಮಾಣುಗಳನ್ನು ತೂಕಕ್ಕೆ ತಕ್ಕಂತೆ ಬೇರೆಬೇರೆ ದಾರಿಗೆ ಬಾಗಿಸಿತು. ಅದು ನೀರಿನ ಪರೀಕ್ಷೆಗೆ ಸುಲಭವಾಗಿ ಒದಗಲು ಅರುವತ್ತು ವರ್ಷಗಳೇ ಬೇಕಾದವು. 1980ರಲ್ಲಿ ಅಮೆರಿಕದ ಅಯೋವಾದಲ್ಲಿ ಹೌಕ್, ಫಾಸೆಲ್ ಮತ್ತು ಸಂಗಡಿಗರು, ಸೂರ್ಯನ ಮೇಲ್ಮೈಯನ್ನು ನಾಚಿಸುವಷ್ಟು ಕಾದ ಆರ್ಗಾನ್ ಜ್ವಾಲೆಯೊಳಕ್ಕೆ ದ್ರಾವಣವನ್ನು ತುಂತುರಾಗಿ ಹಾಯಿಸಿ, ಅಲ್ಲಿ ಒಡೆದ ಪರಮಾಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಒಪ್ಪಿಸಿದರು. ಒಂದು ಲೀಟರ್ ನೀರಿಗೆ ಗ್ರಾಮಿನ ಲಕ್ಷದಲ್ಲೊಂದು ಪಾಲು ಪಾಷಾಣ, ಇದು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಇಟ್ಟ ಮಿತಿ. ಯಂತ್ರಕ್ಕೆ ಇದು ಧಾರಾಳವೇ ಸರಿ. ಆದರೆ ಇದಕ್ಕೂ ಮೋಸ ಹೋಗುವುದುಂಟು. ಪಾಷಾಣದ ತೂಕ 75. ನೀರು ಉಪ್ಪಾಗಿದ್ದರೆ, ಜ್ವಾಲೆಯ ಆರ್ಗಾನ್ 40, ಕ್ಲೋರೀನ್ 35 ಜೊತೆಗೂಡಿ ಅದೇ 75ರ ವೇಷ ಧರಿಸುತ್ತವೆ! ಹೀಲಿಯಂ ತುಂಬಿದ ಗೂಡಿನಲ್ಲಿ ಹಾಯಿಸಿ ಈ ಜೋಡಿಯನ್ನು ಸೋಸಬೇಕಾಗುತ್ತದೆ.

ಇಷ್ಟಿದ್ದರೂ ಬಂಗಾಳದಲ್ಲಿ ಆದದ್ದೇನು? ಕೆರೆಯ ನೀರಿನ ರೋಗಾಣುಗಳಿಂದ ಜನರನ್ನು ಉಳಿಸಲೆಂದು, ಯೂನಿಸೆಫ್ ನೆರವಿನಿಂದ ಬಾಂಗ್ಲಾದೇಶದಲ್ಲಿ ಊರೂರಿಗೆ ಕೊಳವೆಬಾವಿಗಳು ಬಂದವು. ಮಣ್ಣಿನೊಳಗಿನ ಪಾಷಾಣವನ್ನು ಯಾರೂ ನೆನೆಯಲಿಲ್ಲ. 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಕೆ. ಸಿ. ಸಾಹಾ ಪಶ್ಚಿಮ ಬಂಗಾಳದ ರೋಗಿಗಳ ಮೈಮೇಲಿನ ಕಲೆಗಳಲ್ಲಿ ಅದನ್ನು ಗುರುತಿಸಿದರು. ಅನಂತರವೂ, 1992ರಲ್ಲಿ, ಬ್ರಿಟಿಷ್ ಭೂವಿಜ್ಞಾನ ಸಮೀಕ್ಷೆಯು ಬಾಂಗ್ಲಾದೇಶದ ನೀರಿನಲ್ಲಿ ಹಲವು ಧಾತುಗಳನ್ನು ಅಳೆಯಿತು, ಪಾಷಾಣವನ್ನು ಅಳೆಯಲಿಲ್ಲ. ಸಂತ್ರಸ್ತರ ದಾವೆಯನ್ನು 2006ರಲ್ಲಿ ಲಂಡನ್ನಿನ ಪ್ರಭುಸಭೆ ವಜಾ ಮಾಡಿತು. ಕಾನೂನು ಏನೇ ಹೇಳಲಿ, ನನ್ನ ಮನಸ್ಸು ಒಪ್ಪುವುದಿಲ್ಲ.

ಕೊನೆಗೆ ಹಳ್ಳಿಗಳಿಗೆ ಹೋದದ್ದು ದೊಡ್ಡ ಯಂತ್ರವಲ್ಲ. ಮಾರ್ಷನ ಸತು, ಆಮ್ಲಗಳ ಸಂತತಿಯೇ ಆದ ಪುಟ್ಟ ಪೆಟ್ಟಿಗೆ. ಸುಮಾರು 50 ಲಕ್ಷ ಕೊಳವೆಗಳನ್ನು ಪರೀಕ್ಷಿಸಿ, ಕುಡಿಯಬಹುದಾದವಕ್ಕೆ ಹಸಿರು, ಕೂಡದವಕ್ಕೆ ಕೆಂಪು ಬಳಿದರು. ಕೆಂಪು ಬಿದ್ದದ್ದು ಸುಮಾರು 14 ಲಕ್ಷಕ್ಕೆ.