ರೈಲಿನ ಗಾಳಿ ಬ್ರೇಕು: ಅಮೆರಿಕದ ಒಂದು ಕೊಡುಗೆ

ರೈಲುಬಂಡಿಯನ್ನು ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟವಾಗಿದ್ದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಚಾಲಕನು ಸೀಟಿ ಊದಿದೊಡನೆ ಬ್ರೇಕ್‌ಮನ್‌ಗಳು ಓಡುವ ಸರಕುಬಂಡಿಯ ಚಾವಣಿಯ ಮೇಲೆ ಬೋಗಿಯಿಂದ ಬೋಗಿಗೆ ದಾಟುತ್ತ ಕೈಚಕ್ರಗಳನ್ನು ತಿರುಗಿಸಬೇಕಾಗಿತ್ತು. ಮಳೆ, ಹಿಮಗಳಲ್ಲಿ ಕಾಲುಜಾರಿ ಸತ್ತವರು ಅನೇಕರು.

1869ರಲ್ಲಿ, ಇಪ್ಪತ್ತೆರಡರ ತರುಣ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದನು. ಎಂಜಿನ್ನಿನಿಂದ ಕೊಳವೆಯ ಮೂಲಕ ಬಂದ ಒತ್ತಡದ ಗಾಳಿಯು ಎಲ್ಲ ಬೋಗಿಗಳ ಬ್ರೇಕನ್ನೂ ಬಿಗಿಯುತ್ತಿತ್ತು. ಆದರೆ ಕೊಳವೆ ಒಡೆದರೆ ಬ್ರೇಕೇ ಇಲ್ಲ! ಆದುದರಿಂದ 1872ರಲ್ಲಿ ಆತನು ಈ ಕ್ರಮವನ್ನೇ ತಲೆಕೆಳಗು ಮಾಡಿದನು. ಪ್ರತಿ ಬೋಗಿಗೂ ಗಾಳಿಯ ತೊಟ್ಟಿ, ಕವಾಟಗಳನ್ನಿರಿಸಿದನು. ಕೊಳವೆಯಲ್ಲಿ ಒತ್ತಡವಿರುವವರೆಗೆ ಬ್ರೇಕು ಸಡಿಲ. ಒತ್ತಡ ಇಳಿದೊಡನೆ ಬಿಗಿ. ಬಂಡಿ ನಡುವೆ ತುಂಡಾದರೂ ಎರಡೂ ಭಾಗಗಳು ತಾವಾಗಿಯೇ ನಿಲ್ಲುವವು.

ಆದರೂ ಸರಕುಬಂಡಿಗಳಿಗೆ ಇದನ್ನು ಅಳವಡಿಸಲು ಕಂಪನಿಗಳು ಖರ್ಚಿಗೆ ಹಿಂಜರಿದವು. ಅಯೋವಾದ ಲೊರೆಂಜೊ ಕಾಫಿನ್ ಕಾರ್ಮಿಕರ ಪರವಾಗಿ ವರ್ಷಗಟ್ಟಲೆ ಹೋರಾಡಿದನು. ಕೊನೆಗೆ 1893ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಮಾಡಿದ ಕಾಯಿದೆಯು ಗಾಳಿ ಬ್ರೇಕನ್ನೂ ಸ್ವಯಂಚಾಲಿತ ಕೊಂಡಿಯನ್ನೂ ಕಡ್ಡಾಯಗೊಳಿಸಿತು. ಯಂತ್ರವೊಂದು ಹುಟ್ಟಿದರೆ ಸಾಲದು, ಅದು ಬಡವನ ಜೀವ ಕಾಯಲು ಕಾನೂನಿನ ಬಲವೂ ಬೇಕೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಭಾರತೀಯ ರೈಲ್ವೆಯು ಬಹುಕಾಲ ನಿರ್ವಾತ ಬ್ರೇಕನ್ನು ಬಳಸಿ, ಅನಂತರ ಗಾಳಿ ಬ್ರೇಕಿಗೆ ಬದಲಾಯಿತು. ಊರಿಗೆ ಹೊರಟ ಗಾಡಿಯಲ್ಲಿ ನಾವು ಅಪಾಯದ ಸರಪಳಿ ಎಳೆದರೆ ನಡೆಯುವುದೂ ಇದೇ: ಕೊಳವೆಯ ಗಾಳಿ ಹೊರಬಿದ್ದು ಬ್ರೇಕು ಹಿಡಿಯತೊಡಗುತ್ತದೆ.